ಕರ್ನೆಲ್ಲಿಗೊಂದು ವ್ಯಾಖ್ಯಾನ

ಕರ್ನೆಲ್ ಎಂದರೆ ತಿರುಳು. ಕಂಪ್ಯೂಟರಿನ ಮೆಮೊರಿ, ಡಿಸ್ಕು, ಸಮಯ ಇವನ್ನೆಲ್ಲ ಕೆಲಸಕ್ಕೆ ತಕ್ಕಂತೆ ಹಂಚಿಕೊಡುವ ಯಜಮಾನನಿದ್ದಂತೆ. ಅದರ ಒಳಗುಟ್ಟನ್ನು ಬಿಡಿಸಿ ಬರೆದವರು ವಿರಳ.

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಜಾನ್ ಲಯನ್ಸರು 1976-77ರಲ್ಲಿ ವಿದ್ಯಾರ್ಥಿಗಳಿಗಾಗಿ ಯೂನಿಕ್ಸಿನ ಆರನೆಯ ಆವೃತ್ತಿಗೆ ವ್ಯಾಖ್ಯಾನ ಬರೆದರು. 1979ರಲ್ಲಿ ಬಂದ ಏಳನೆಯ ಆವೃತ್ತಿಯ ಪರವಾನಗಿ ಇಂಥ ಪಾಠವನ್ನೇ ನಿಷೇಧಿಸಿತು. ಆದರೂ ಆ ವ್ಯಾಖ್ಯಾನದ ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ಸಾಗಿದವು; ಅಚ್ಚಾಗಿ ಹೊರಬಂದದ್ದು 1996ರಲ್ಲಿ.

ಇಂದು ಲಿನಕ್ಸ್ ಕರ್ನೆಲ್ಲಿನ ವಿವರಣೆ ಮೂಲ ಪ್ರೋಗ್ರಾಮಿನೊಡನೆಯೇ ಎಲ್ಲರಿಗೂ ದೊರೆಯುತ್ತದೆ. ಆದರೆ ಪ್ರೋಗ್ರಾಂ ಬದಲಾದಂತೆ ವಿವರಣೆ ಹಳತಾಗಿ ದಾರಿ ತಪ್ಪಿಸುವುದುಂಟು. ತಪ್ಪು ಕಂಡವರು ಮೂಲದೊಡನೆ ತಾಳೆ ನೋಡಿ, ತಿದ್ದಿ ಕಳುಹಿಸಬಹುದು. ಬಲ್ಲವರು ಪರಿಶೀಲಿಸಿ ಸೇರಿಸಿಕೊಳ್ಳುತ್ತಾರೆ.

ಪುಣೆ, ಹೈದರಾಬಾದುಗಳಲ್ಲಿ ಈ ವೃತ್ತಿಯಲ್ಲಿರುವ ನಮ್ಮ ಮಕ್ಕಳು ಒಂದು ಸಾಲನ್ನಾದರೂ ತಿದ್ದಲಿ. ಕಲಿತ ಋಣ ತೀರುವುದು ಹೀಗೆಯೇ ಅಲ್ಲವೇ?