ಒಗರಿನ ಮರ, ಅಂಟಿನ ಉಂಡಿ

ಇಂಡಿ, ಸಿಂದಗಿಯ ಭೀಮಾ ದಂಡೆಯಿಂದ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೃಷ್ಣಾ ಸೀಮೆಯವರೆಗೆ, ಎರೆಹೊಲದ ಬದುವಿನಲ್ಲಿ ನಿಂತ ಕರಿಜಾಲಿಗೆ ಬೇವಿನಷ್ಟು ಮರ್ಯಾದೆ ಇಲ್ಲ. ಮುಳ್ಳಿನ ಮರ ನೋಡಿ! ಯುಗಾದಿಗೂ ಯಾರೂ ಅದನ್ನು ನೆನೆಯುವುದಿಲ್ಲ. ಆದರೆ ಬೇಸಗೆಯಲ್ಲಿ ಬಾಯಿಬಿಡುವ ಎರೆಮಣ್ಣು, ಡೋಣಿ ಹೊಳೆಯ ದಂಡೆಯ ಸವಳು, ಎರಡನ್ನೂ ತಾಳಿಕೊಂಡು ಬೆಳೆಯುತ್ತದೆ. ಮಳೆ ಬಿದ್ದ ಮೇಲೆ ಮೈತುಂಬ ಹಳದಿ ಗುಂಡುಹೂ ಬಿಟ್ಟುಕೊಂಡು ನಿಲ್ಲುತ್ತದೆ.

ಜಾಲಿಯ ಔಷಧಿಗುಣ ನಿಂತಿರುವುದು ಬಹುಪಾಲು ಅದರ ಒಗರಿನ ಮೇಲೆ. ತೊಗಟೆ, ಕಾಯಿಗಳಲ್ಲಿ ಟ್ಯಾನಿನ್ ಹೇರಳ. ಅದು ಪ್ರೋಟೀನಿಗೆ ಅಂಟಿಕೊಂಡು ಅಂಗಾಂಶವನ್ನು ಬಿಗಿಗೊಳಿಸುತ್ತದೆ. ತೊಗಲು ಹದ ಮಾಡುವವರಿಗೆ ಜಾಲಿ ತೊಗಟೆ ಬೇಕಾದದ್ದೂ, ವಸಡಿನಲ್ಲಿ ರಕ್ತ ಬಂದಾಗ, ಬಾಯಿ ಹುಣ್ಣಾದಾಗ ತೊಗಟೆಯ ಕಷಾಯದಿಂದ ಬಾಯಿ ಮುಕ್ಕಳಿಸುವುದೂ ಇದೇ ಗುಣಕ್ಕಾಗಿ. ಭೇದಿಗೆ ಎಳೆ ಚಿಗುರು ಅರೆದು ಕೊಡುವ ರೂಢಿಯೂ ಇತ್ತು. ಹೆಚ್ಚಾದರೆ ಮಲಬದ್ಧತೆ ಖಂಡಿತ. ಆಯುರ್ವೇದದ ಬಬ್ಬುಲಾರಿಷ್ಟಕ್ಕೂ ಇದರ ತೊಗಟೆಯೇ ಮೂಲ. ಹಲ್ಲುಜ್ಜುವ ಜಾಲಿ ಕಡ್ಡಿ ಮೂಲೆಗೆ ಸೇರಿದ ಕಾಲದಲ್ಲಿ, 1987ರಲ್ಲಿ, ಜಾಲಿಯದೇ ಹಿಂದಿ ಹೆಸರು ಹೊತ್ತ ಬಬೂಲ್ ಎಂಬ ಟೂತ್‌ಪೇಸ್ಟ್ ಪೇಟೆಗೆ ಬಂತು. ಕಾಸಿಲ್ಲದೆ ಸಿಗುತ್ತಿದ್ದದ್ದಕ್ಕೆ ಜನ ಕಾಸು ಕೊಡತೊಡಗಿದರು.

ಇಲ್ಲಿಯ ಹೆಣ್ಣುಮಕ್ಕಳಿಗೆ ಮರಕ್ಕಿಂತ ಅದರ ಅಂಟು ಹತ್ತಿರದ್ದು. ಗಾಯವಾದ ತೊಗಟೆಯಿಂದ ಜಿನುಗಿ ಗಟ್ಟಿಯಾದ ಕಂದು ಹರಳುಗಳವು. ಕಾದ ತುಪ್ಪಕ್ಕೆ ಚೂರುಚೂರೇ ಹಾಕಿದರೆ ಅರಳಿನ ಹಾಗೆ ಉಬ್ಬುತ್ತವೆ. ಅವಸರ ಮಾಡಿದರೆ ಒಳಗೆ ಹಸಿಯಾಗಿ ಉಳಿದು ಹಲ್ಲಿಗೆ ಮೆತ್ತಿಕೊಳ್ಳುತ್ತವೆ. ಕುಟ್ಟಿದ ಅಂಟಿಗೆ ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದರೆ ಅಂಟಿನ ಉಂಡಿ, ಬಾಣಂತಿಯ ಪಾಲಿನ ತಿನಿಸು. ಸೊಂಟಕ್ಕೆ ಬಲ ಬರುತ್ತದೆಂಬುದು ಹಿರಿಯರ ಮಾತು. ಅಂಟು ಮುಖ್ಯವಾಗಿ ಕರಗುವ ನಾರು. ಕಸುವು ಬರುವುದು ಹೆಚ್ಚಾಗಿ ಜೊತೆಗಿರುವ ತುಪ್ಪ, ಕೊಬ್ಬರಿ, ಬೆಲ್ಲದಿಂದ. ಹೆಸರು ಮಾತ್ರ ಅಂಟಿನ ಪಾಲಿಗೆ ಬಂದಿದೆ. ಅಂಗಡಿಯ ಅಂಟೆಲ್ಲ ಜಾಲಿಯದೂ ಅಲ್ಲ, ದಿಂಡಿಗದಂಥ ಬೇರೆ ಮರಗಳ ಅಂಟೂ ಮಾರಾಟಕ್ಕಿದೆ.

ಔಷಧಿಗೆಂದು ಹೊರಟವರು ಎಡವುವುದು ಗುರುತಿನಲ್ಲಿ. ಈಗ ರಸ್ತೆಬದಿ, ಹಳ್ಳದ ದಂಡೆಯನ್ನೆಲ್ಲ ಆಕ್ರಮಿಸಿರುವುದು ಬಳ್ಳಾರಿ ಜಾಲಿ. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಬೇರೆಯದೇ ಗಿಡ ಅದು. ಕರಿಜಾಲಿಯ ಮದ್ದು ಅದರದ್ದಲ್ಲ. ಅದರ ಹೂ ಮಾಸಲು ಹಳದಿಯ ಉದ್ದನೆ ತೆನೆ. ಕರಿಜಾಲಿಯದು ಗುಂಡುಹೂ. ಹೂವಿನ ಕಾಲವಲ್ಲದಿದ್ದರೆ ಕಾಯಿ ನೋಡಬೇಕು: ಬೂದು ಬಣ್ಣದ ನವಿರು ತುಪ್ಪಳ, ಬೀಜಬೀಜದ ನಡುವೆ ಕಿರಿದಾಗಿ ಮಣಿಸರದಂತೆ ಕಾಣುವ ಕಾಯಿ ಕರಿಜಾಲಿಯದು.