ಹಳೆಯ ಸೈಕಲ್ಲಿಗೆ ಬಣ್ಣ ಹಚ್ಚುವ ಮುನ್ನ

ನಿಮ್ಮ ಮನೆಯ ಹಿತ್ತಲಲ್ಲೋ ಊರಿನ ಹಳೆಯ ಮನೆಯ ಪಡಸಾಲೆಯಲ್ಲೋ ಕಪ್ಪು ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿರಬಹುದು. ಚೈನು ತುಕ್ಕು ಹಿಡಿದು ಬಿಗಿದುಕೊಂಡಿದೆ, ಸೀಟಿನ ತೊಗಲು ಹರಿದಿದೆ, ಕ್ಯಾರಿಯರಿನ ಮೇಲೆ ಕೋಳಿ ಕೂರುತ್ತದೆ. ಗುಜರಿಯವನು ಬಂದಾಗಲೆಲ್ಲ ಅದನ್ನೊಮ್ಮೆ, ನಿಮ್ಮನ್ನೊಮ್ಮೆ ನೋಡುತ್ತಾನೆ. ಅವನ ಕೈಗೆ ಕೊಡುವ ಮುನ್ನ ಸ್ವಲ್ಪ ಯೋಚಿಸಿ. ಹಾಗೆಂದು ಉಳಿಸಿಕೊಳ್ಳುವ ಹುರುಪಿನಲ್ಲಿ ನಾವು ಮಾಡಲು ಹೊರಟಿದ್ದ ತಪ್ಪನ್ನು ನೀವು ಮಾಡಬೇಡಿ.

ನಮ್ಮದು ಮಾನ್ವಿಯ ಮನೆ. ಅಬ್ಬಾ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗಿರಣಿಗೆ ಹೋಗುವ ದಾರಿಯಲ್ಲಿ ನಮ್ಮನ್ನು ಶಾಲೆಗೆ ಬಿಡುತ್ತಿದ್ದರು. ನಾನು ಮುಂದಿನ ಡಂಡಿಯ ಮೇಲೆ, ಆಪಾ ಹಿಂದೆ ಕ್ಯಾರಿಯರ್ ಮೇಲೆ. ಅವರು ತೀರಿಕೊಂಡ ಮೇಲೆ ಸೈಕಲ್ಲು ನಿಂತಲ್ಲೇ ನಿಂತಿತು. ನಾನೀಗ ರಾಯಚೂರಿನಲ್ಲಿದ್ದೇನೆ. ಮಗ ಕಾಲೇಜು ಸೇರಿದಾಗ ಅವನ ಓಡಾಟಕ್ಕೊಂದು ಗಾಡಿ ಬೇಕಾಯಿತು. ಕಾಲೇಜು ನಾಲ್ಕು ಕಿಲೋಮೀಟರೂ ಇಲ್ಲ. ಬೈಕು ಕೊಡಿಸಿದರೆ ಕಂತು ಒಂದು ಕಡೆ, ಪೆಟ್ರೋಲು ಇನ್ನೊಂದು ಕಡೆ. 2021ರಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿದ್ದು ನಿಮಗೂ ನೆನಪಿರಬೇಕು. "ದಾದಾನ ಸೈಕಲ್ ತರೋಣ ಅಬ್ಬಾ" ಎಂದು ಅವನೇ ಅಂದಾಗ ನನ್ನ ಗಂಟಲು ಕಟ್ಟಿತು.

ಭತ್ತದ ಲಾರಿಯೊಂದರಲ್ಲಿ ಸೈಕಲ್ಲು ರಾಯಚೂರಿಗೆ ಬಂತು. ಮಗ ಅಷ್ಟರಲ್ಲೇ ಬಣ್ಣ ಆರಿಸಿಟ್ಟಿದ್ದ: ನೀಲಿ. ನಾನೂ ಪೇಂಟರಿಗೆ ಹೇಳಿಟ್ಟಿದ್ದೆ. ತೀನ್ ಕಂದೀಲ್ ಕಡೆಯ ಓಣಿಯೊಂದರಲ್ಲಿ ಹಳೆಯ ಸೈಕಲ್ ಉಸ್ತಾದರೊಬ್ಬರಿದ್ದಾರೆ. ಗಾಲಿಯ ಬೆಂಡು ತೆಗೆಸೋಣವೆಂದು ಹೋದರೆ ಅವರು ನಕ್ಕರು. "ಮೊದ್ಲು ಹೊಟ್ಟಿ ತೋರಸ್ರಿ, ಆಮ್ಯಾಲ ಅಂಗಿ ಹೊಲಸ್ರಿ" ಎಂದರು.

ಸೀಟು ಕಿತ್ತು ಸೈಕಲ್ಲನ್ನು ತಲೆಕೆಳಗು ಮಾಡಿದರು. ಪೈಪಿನೊಳಗಿಂದ ಒಂದು ಹಿಡಿ ತುಕ್ಕಿನ ಪುಡಿ ಉದುರಿತು. ಆಮೇಲೆ ಸಣ್ಣ ಪಾನಾದಿಂದ ಫ್ರೇಮಿನ ಪ್ರತಿ ಪೈಪನ್ನೂ ತಟ್ಟುತ್ತ ಹೋದರು. ಗಟ್ಟಿ ಉಕ್ಕು ಗಂಟೆಯಂತೆ ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಣ್ಣಿನ ಗಡಿಗೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಪೆಡಲಿನ ಅಚ್ಚು ಕೂರುವ ತಳಭಾಗದಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ಹೆಚ್ಚು ಹೊತ್ತು ತಟ್ಟಿದರು. ಫ್ರೇಮು ಪಾಸಾಯಿತು. ಆದರೆ ಮುಂದಿನ ಫೋರ್ಕನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದಾಗ ಅವರ ಮುಖ ಸಪ್ಪಗಾಯಿತು. ಎರಡು ಕಾಲುಗಳು ಕೂಡುವ ಕತ್ತಿನ ಬಳಿ ಕೂದಲೆಳೆಯಂಥ ಸೀಳು. ನೀಲಿ ಬಣ್ಣ ಬಿದ್ದಿದ್ದರೆ ಅದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಹಿಂದಿನ ಭಾಗ ಮುರಿದರೆ ಸೈಕಲ್ಲು ಕುಸಿಯುತ್ತದೆ. ಮುಂದಿನ ಫೋರ್ಕ್ ಮುರಿದರೆ ಸವಾರ ಮುಖವಡಿಯಾಗಿ ಬೀಳುತ್ತಾನೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಸುಗೆ ಹಾಕಿಸಿದರೆ ಸಾಲದೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಫೋರ್ಕಿಗೆ ಮಾತ್ರ ಬೇಡ. ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬದಲಿಸುವುದೇ ದಾರಿ. ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಆದರೆ ದೇವದುರ್ಗದಲ್ಲಿರುವ ಆಪಾಳ ಮನೆಯಲ್ಲಿ ಅಂಥದೇ ಇನ್ನೊಂದು ಸೈಕಲ್ಲು ಗಾಲಿಯಿಲ್ಲದೆ ಬಿದ್ದಿತ್ತು. ಫ್ರೇಮಿನಲ್ಲಿ 22 ಇಂಚು, 24 ಇಂಚು ಎಂದು ಎರಡು ಅಳತೆ. ಒಂದರ ಫೋರ್ಕಿನ ಕತ್ತಿನ ಉದ್ದ ಇನ್ನೊಂದಕ್ಕೆ ಬರುವುದಿಲ್ಲ. ಆಪಾ ಹೊಲಿಗೆಯ ಟೇಪಿನಿಂದ ಅಳೆದು ಫೋನಿನಲ್ಲಿ ಹೇಳಿದಳು. ಹೊಂದಿತು. ಬ್ರೇಕಿನ ಸರಳುಗಳೂ ಅದರಿಂದಲೇ ಬಂದವು. ಬಂದ ಫೋರ್ಕನ್ನೂ ಉಸ್ತಾದರು ತಟ್ಟಿ ನೋಡದೆ ಬಿಡಲಿಲ್ಲ.

ಇಂಥ ಸೈಕಲ್ಲುಗಳು ಇಷ್ಟು ಕಾಲ ಬಾಳುವುದಕ್ಕೆ ಕಾರಣ ಅವುಗಳ ಸರಳತೆ. ಇಂಗ್ಲೆಂಡಿನ ರೋಡ್‌ಸ್ಟರ್ ಮಾದರಿಯನ್ನೇ ಮದ್ರಾಸಿನ ಟಿ.ಐ. 1949ರಿಂದ, ಸೋನಿಪತ್ತಿನ ಅಟ್ಲಾಸ್ 1951ರಿಂದ, ಲೂಧಿಯಾನದ ಹೀರೋ 1956ರಿಂದ ಮನೆಮನೆಗೆ ತಲುಪಿಸಿದವು. ಯಾರ ಸೈಕಲ್ಲಾದರೂ 28 ಇಂಚಿನ ಗಾಲಿ, ಅದೇ ಚೈನು, ಅದೇ ಗುಂಡು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಆದರೂ ಬಿಡಿಭಾಗಕ್ಕೆ ಬರವಿಲ್ಲ.

ಮುಂದಿನ ಕೆಲಸಕ್ಕೆ ನಮ್ಮ ಕಡೆ ಓವರ್ ಆಯಿಲಿಂಗ್ ಎನ್ನುತ್ತಾರೆ. ಪೂರ್ತಿ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಕೂರಿಸುವುದು. ಹಳೆಯ ಗುಂಡುಗಳನ್ನು ಮತ್ತೆ ಹಾಕಿಸಬೇಡಿ. ಪೆಡಲಿನ ಅಚ್ಚಿಗೆ ಒಂದು ಬದಿಗೆ ಹನ್ನೊಂದು, ಹಿಂದಿನ ಗಾಲಿಗೆ ಒಂದು ಬದಿಗೆ ಒಂಬತ್ತು, ಎಲ್ಲ ಸೇರಿದರೂ ಒಂದು ಹೊತ್ತಿನ ಊಟದ ಖರ್ಚು ಬರಲಿಕ್ಕಿಲ್ಲ. ತುಳಿದಾಗ ಪ್ರತಿ ಸುತ್ತಿಗೂ ಕಟಕ್ ಎನ್ನುತ್ತಿದ್ದರೆ ಕಾಟರ್ ಪಿನ್ನು ಸಡಿಲವಾಗಿದೆ ಎಂದರ್ಥ. ಎರಡೂ ಹೊಸದನ್ನೇ ಹಾಕಿಸಿ. ಚೈನಿಗೆ ಬೈಕಿನ ಹಳೆಯ ಎಂಜಿನ್ ಆಯಿಲ್ ಸುರಿಯುವ ಚಾಳಿ ನಮ್ಮಲ್ಲಿದೆ, ಬೇಡ. ನಮ್ಮ ದೂಳು ಅದಕ್ಕೆ ಅಂಟಿ ಚೈನನ್ನು ಅರದಂತೆ ಉಜ್ಜುತ್ತದೆ. ಮಿಷಿನ್ ಎಣ್ಣೆ ಹನಿಹನಿಯಾಗಿ ಬಿಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿ.

ಬ್ರೇಕಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಈ ಸೈಕಲ್ಲುಗಳ ರಿಮ್ಮು ಮಿರುಗುವ ಉಕ್ಕಿನದು. ಮಳೆಯಲ್ಲಿ ನೆನೆದರೆ ರಬ್ಬರು ಜಾರುತ್ತದೆ, ಒಣಗಿದ ರಸ್ತೆಯಲ್ಲಿ ನಿಲ್ಲುವುದಕ್ಕಿಂತ ಬಹಳ ಮುಂದೆ ಹೋಗಿ ನಿಲ್ಲುತ್ತದೆ. ನಾಲ್ಕೂ ರಬ್ಬರ್ ಹೊಸದಿರಲಿ. ಮಳೆಗಾಲದಲ್ಲಿ ವೃತ್ತ ಬರುವ ಮೊದಲೇ ಬ್ರೇಕನ್ನು ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಲು ಮಕ್ಕಳಿಗೆ ಕಲಿಸಿ. ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದೆ ಮಗ್ಗುಲ ಓಣಿಗೂ ರಾತ್ರಿ ಕಳಿಸಬೇಡಿ.

ಇನ್ನು ಜಾಲಿಮುಳ್ಳು. ಪಂಚರ್ ಹಾಕಿಸಿದ ಮೇಲೆ ಟೈರಿನ ಒಳಮೈಗೆ ಬಟ್ಟೆ ಆಡಿಸಿ. ಮುರಿದು ಉಳಿದ ಮುಳ್ಳಿನ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇಲ್ಲದಿದ್ದರೆ ವಾಲಿನ ಮೇಲೆ ಒದ್ದೆ ಬೆರಳಿಡಿ. ಗುಳ್ಳೆ ಬಂದರೆ ಒಳಗಿನ ವಾಲ್‌ಟ್ಯೂಬ್ ಬಿಸಿಲಿಗೆ ಬಿರಿದಿದೆ. ಎರಡು ನಿಮಿಷದ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಆಗ ನಡು ಮಧ್ಯಾಹ್ನ ಸೈಕಲ್ ತುಳಿಯೆಂದು ಯಾರಿಗೂ ನಾನು ಹೇಳಲಾರೆ. ಫಜ್ರ್ ನಂತರದ ತಂಪು ಬೇರೆ ಮಾತು.

ದೇವದುರ್ಗ, ಮಾನ್ವಿಯ ಹಳ್ಳಿಗಳ ತಾಯಂದಿರಿಗೆ ಒಂದು ಮಾತು. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಟ್ಟ ಸೈಕಲ್ಲುಗಳು ಎಷ್ಟೋ ಅಂಗಳಗಳಲ್ಲಿ ತುಕ್ಕು ಹಿಡಿಯುತ್ತಿವೆ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಹಿರಿಯ ಮಗಳು ತುಳಿದು ಬಿಟ್ಟ ಸೈಕಲ್ಲು ರಿಪೇರಿಯಾದರೆ ಕಿರಿಯವಳು ಪಕ್ಕದೂರಿನ ಹೈಸ್ಕೂಲಿಗೆ ಬಸ್ಸು ಕಾಯದೆ ಹೋಗಬಲ್ಲಳು. ಅವನ್ನೂ ಹೀಗೆಯೇ ತಟ್ಟಿ ನೋಡಿಸಿ, ಆಮೇಲೆ ಖರ್ಚು ಮಾಡಿ.

ನಮಗೆ ಒಟ್ಟು ತಗುಲಿದ್ದು ಹೊಸ ಸೈಕಲ್ಲಿನ ಬೆಲೆಯ ಅರ್ಧಕ್ಕಿಂತ ಕಡಿಮೆ. ಹದಿನೈದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಒಯ್ದು ಸ್ಪೋಕು, ಕಾಟರ್ ಪಿನ್ನು ಬಿಗಿ ಮಾಡಿಸಿಕೊಂಡು ಬಂದೆವು. ಮಗ ದಿನಾ ಅದರಲ್ಲೇ ಹೋಗುತ್ತಾನೆ. ನೀಲಿ ಬಣ್ಣದ ಡಬ್ಬಿ ಇನ್ನೂ ಅಟ್ಟದ ಮೇಲಿದೆ. ಡಂಡಿಯ ಮೇಲೆ ನಾನು ಕೂರುತ್ತಿದ್ದ ಕಡೆ ಕಪ್ಪು ಬಣ್ಣ ಸವೆದು ಬೆಳ್ಳಗಾಗಿದೆ, ಅದನ್ನು ಮುಚ್ಚುವುದು ಬೇಡವೆಂದು ಈಗ ಅವನೇ ಹೇಳುತ್ತಾನೆ.