ಅಪ್ಪನನ್ನೇ ಗೆದ್ದ ಮಗ

ಯಾಗದ ಕುದುರೆಯೊಂದು ಮನಬಂದತ್ತ ಓಡುತ್ತದೆ. ಅದರ ಬೆನ್ನಿಗೆ ಅರ್ಜುನನ ಸೇನೆ. ಕುದುರೆ ಕಾಲಿಟ್ಟಲ್ಲೆಲ್ಲ ಒಂದು ಹೊಸ ರಾಜ್ಯ, ಒಂದು ಹೊಸ ಸೋಜಿಗ. ಒಂದು ಕಡೆ ಹೆಂಗಸರೇ ಆಳುವ ನಾಡು, ಇನ್ನೊಂದು ಕಡೆ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದರೂ ಸುಡದ ರಾಜಕುಮಾರ, ಮತ್ತೊಂದು ಕಡೆ ಸತ್ತವರನ್ನು ಬದುಕಿಸುವ ನಾಗಲೋಕದ ಮಣಿ! ಇಂಥ ಕಥೆಗಾಗಿ ಪರದೇಶದ ಪುಸ್ತಕಗಳನ್ನೇ ಹುಡುಕಬೇಕಾಗಿಲ್ಲ. ಹದಿನಾರನೆಯ ಶತಮಾನದ ಕವಿಯೆಂದು ಹೇಳಲಾಗುವ ಲಕ್ಷ್ಮೀಶನ 'ಜೈಮಿನಿ ಭಾರತ'ದ 34 ಸಂಧಿಗಳಲ್ಲಿ ಇದೆಲ್ಲವೂ ಇದೆ.

ಕಲಬುರಗಿಯವರಿಗೆ ಈ ಕಾವ್ಯ ದೂರದ್ದಲ್ಲ. ಕವಿಯ ಊರು ಕಡೂರು ತಾಲ್ಲೂಕಿನ ದೇವನೂರು ಎಂದು ಹಲವರು ಒಪ್ಪಿದರೂ, ಸುರಪುರದ ಕಡೆಯ ದೇವಪುರವೇ ಅದು ಎಂದು ವಾದಿಸುವವರೂ ಇದ್ದಾರೆ. ಸುರಪುರ ಈಗ ಯಾದಗಿರಿ ಜಿಲ್ಲೆಗೆ ಸೇರಿದೆ. ಮೊದಲು ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಇನ್ನು, ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಆದರೆ 1948ರವರೆಗೆ, ನಿಜಾಮರ ಆಳ್ವಿಕೆಯಲ್ಲಿ, ಇಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಉರ್ದುವೇ. ಆಗ ಕನ್ನಡದ ಕಥೆಗಳನ್ನು ಕಾಪಾಡಿದ್ದು ಗುಡಿಯಲ್ಲಿ ಹಚ್ಚುತ್ತಿದ್ದ ಪುರಾಣ, ರಾತ್ರಿಯಿಡೀ ನಡೆಯುತ್ತಿದ್ದ ದೊಡ್ಡಾಟ. ಅಕ್ಷರ ಬಾರದ ಅಜ್ಜ ಅಜ್ಜಿಯರಿಗೂ ಅರ್ಜುನ, ಕೃಷ್ಣರು ಬಾಯಿಪಾಠವಾದದ್ದು ಹೀಗೆ.

ಇಂದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಬಸ್ಸು ಹತ್ತಿ ಕಲಬುರಗಿಯ ಕಾಲೇಜಿಗೆ ಬರುವ ಹುಡುಗನಿಗೆ ಈ ಕಥೆ ಗೊತ್ತಿದ್ದರೆ, ಅದು ಹೆಚ್ಚಾಗಿ ಸಿನಿಮಾದಿಂದ. 1965ರಲ್ಲಿ ಬಿ.ಎಸ್. ರಂಗಾ ಅವರ 'ಚಂದ್ರಹಾಸ' ಬಂತು. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ'. ಎರಡನೆಯದರಲ್ಲಿ ಅಪ್ಪ ಅರ್ಜುನನೂ ರಾಜಕುಮಾರ್, ಮಗ ಬಭ್ರುವಾಹನನೂ ರಾಜಕುಮಾರ್. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಒಬ್ಬ ನಟ ತನ್ನೆದುರಿಗೆ ತಾನೇ ನಿಂತು ಹಾಡಿನಲ್ಲೇ ಸವಾಲು ಹಾಕಿ, ಹಾಡಿನಲ್ಲೇ ಉತ್ತರ ಕೊಡುವ ಆ ದೃಶ್ಯವನ್ನು ನೋಡಿದವರು ಮರೆತಿಲ್ಲ.

ಜನ ಈ ಕಥೆಯನ್ನು ಇಷ್ಟು ಮೆಚ್ಚುವುದೇಕೆ? ಮಾಯೆ, ಮಂತ್ರ, ಯುದ್ಧಗಳು ಕಾರಣವೆಂದರೆ ಅರ್ಧ ಉತ್ತರವಾದೀತು. ಉಳಿದರ್ಧ ಪ್ರತಿ ಮನೆಯಲ್ಲೂ ಇದೆ. ಕುದುರೆಯನ್ನು ಕಟ್ಟಿಹಾಕಿದ ಮಣಿಪುರದ ಬಭ್ರುವಾಹನನಿಗೆ, ಬಂದಿರುವವನು ತನ್ನ ತಂದೆಯೆಂದು ತಾಯಿ ಚಿತ್ರಾಂಗದೆಯಿಂದ ತಿಳಿಯುತ್ತದೆ. ಕಾಣಿಕೆ ಹೊತ್ತು ಹೋಗಿ ಕಾಲಿಗೆ ಬೀಳುತ್ತಾನೆ. ಅರ್ಜುನನಾದರೋ ತುಂಬಿದ ಸಭೆಯಲ್ಲಿ ಅವನನ್ನು ಜರೆಯುತ್ತಾನೆ. ನೀನು ಕ್ಷತ್ರಿಯನಾಗಿದ್ದರೆ ಕಟ್ಟಿದ ಕುದುರೆಯನ್ನು ಕಾದಾಡದೆ ತಂದೊಪ್ಪಿಸುತ್ತಿದ್ದೆಯಾ ಎನ್ನುತ್ತಾನೆ. ಅಭಿಮನ್ಯುವಿನ ಜತೆ ಹೋಲಿಸಿ ಹೀಗಳೆಯುತ್ತಾನೆ. ತಾಯಿಯ ಮಾನಕ್ಕೂ ಕೈಹಾಕುತ್ತಾನೆ. ಆಗ ಮಗ ಬಿಲ್ಲೆತ್ತುತ್ತಾನೆ. ಜಗದೇಕವೀರನ ತಲೆ ಉರುಳುತ್ತದೆ.

ನಾಲ್ಕು ಜನರ ಮುಂದೆ ಅಂಕಪಟ್ಟಿ ಹಿಡಿದು, ಪಕ್ಕದ ಮನೆಯ ಹುಡುಗನ ಜತೆ ಹೋಲಿಸಿಕೊಂಡು ತಲೆತಗ್ಗಿಸಿ ನಿಂತ ಯಾವ ವಿದ್ಯಾರ್ಥಿಗೆ ಬಭ್ರುವಾಹನನ ನೋವು ಅರ್ಥವಾಗದು? ಆದರೆ ಕಥೆ ಗೆಲುವಿನಲ್ಲಿ ಮುಗಿಯುವುದಿಲ್ಲ. ಗೆದ್ದ ಮಗನೇ ಅಳುತ್ತಾನೆ. ಉಲೂಪಿ ತಿಳಿಸಿದ ಸಂಜೀವಕ ಮಣಿಗಾಗಿ ನಾಗಲೋಕಕ್ಕೆ ನುಗ್ಗುತ್ತಾನೆ. ಕೃಷ್ಣನ ನೆರವಿನಿಂದ ಅರ್ಜುನ ಮತ್ತೆ ಕಣ್ಣು ತೆರೆಯುತ್ತಾನೆ. ಅಪ್ಪನನ್ನು ಸೋಲಿಸಬೇಕೆಂಬ ಹಟ, ಅಪ್ಪ ಬೇಕೇ ಬೇಕೆಂಬ ಆಸೆ ಎರಡೂ ಒಂದೇ ಎದೆಯಲ್ಲಿರುವುದೇ ಈ ಕಥೆಯ ಜೀವ.

ಸ್ವಲ್ಪ ಗಮನಿಸಿದರೆ ಇಡೀ ಕಾವ್ಯದಲ್ಲೇ ಈ ಎಳೆ ಕಾಣುತ್ತದೆ. ಯುದ್ಧಕ್ಕೆ ತಡವಾಗಿ ಬಂದನೆಂದು ಮಗ ಸುಧನ್ವನನ್ನು ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವವನು ತಂದೆ ಹಂಸಧ್ವಜ. ಬಭ್ರುವಾಹನನ ಕಥೆಯ ನಡುವೆ ಬರುವುದು ರಾಮನನ್ನೇ ಎದುರಿಸಿದ ಕುಶಲವರ ಕಥೆ. ಚಂದ್ರಹಾಸನಿಗೆ 'ವಿಷ' ಕೊಡಿಸಲು ದುಷ್ಟಬುದ್ಧಿ ಬರೆದ ಓಲೆಯನ್ನು, ಒಂದಕ್ಷರ ತಿದ್ದಿ 'ವಿಷಯೆ'ಯನ್ನು ಕೊಡುವಂತೆ ಮಾಡುವವಳು ಅವನ ಸ್ವಂತ ಮಗಳು. ಅಪ್ಪನ ಕೇಡನ್ನು ಮಗಳು ಮದುವೆಯಾಗಿ ಮಾರ್ಪಡಿಸಿದಳು! ಅಕ್ಷರದೋಷಕ್ಕೆ ಅಂಕ ಕಳೆದುಕೊಳ್ಳುವ ಮಕ್ಕಳು ಈ ಭಾಗಕ್ಕೆ ನಗದೆ ಇರಲಾರರು.

ಇಂಗ್ಲೆಂಡಿನ ಟೋಲ್ಕಿನ್ 1954-55ರಲ್ಲಿ ಪ್ರಕಟಿಸಿದ 'ಲಾರ್ಡ್ ಆಫ್ ದ ರಿಂಗ್ಸ್' 2001ರಿಂದ 2003ರವರೆಗೆ ಮೂರು ಚಿತ್ರಗಳಾಗಿ ಬಂದಾಗ ಜಗತ್ತು ಚಪ್ಪಾಳೆ ತಟ್ಟಿತು. ಆದರೂ ಟಾಮ್ ಬಾಂಬಡಿಲ್ ಎಂಬ ಪಾತ್ರವನ್ನೇ ಬಿಟ್ಟರೆಂದು ಹಳೆಯ ಓದುಗರು ಗೊಣಗಿದರು. ನಮ್ಮಲ್ಲೂ ಅದೇ ಮಾತು. 'ಬಭ್ರುವಾಹನ' ಚಿತ್ರದಲ್ಲಿ ಅರ್ಜುನನ ಪ್ರೇಮಪ್ರಸಂಗಗಳಿಗೆ ಧಾರಾಳ ಜಾಗವಿದೆ. ಕಾವ್ಯದಲ್ಲಿ ಓಟವೆಲ್ಲ ಕುದುರೆಯದು. ಸಿನಿಮಾ ಮುಖ ಕೊಟ್ಟಿತು, ದನಿ ಕೊಟ್ಟಿತು. ಆದರೆ 'ಉಪಮಾಲೋಲ'ನೆನಿಸಿದ ಕವಿಯ ಹೋಲಿಕೆಗಳನ್ನು, ವಾರ್ಧಕ ಷಟ್ಪದಿಯ ನಡಿಗೆಯನ್ನು ಕ್ಯಾಮೆರಾ ಹಿಡಿಯಲಾರದು. ಅದು ಕಿವಿಗೆ ದಕ್ಕಬೇಕಾದದ್ದು.

ತೊಂದರೆ ಇರುವುದು ಇಲ್ಲೇ. ಪುರಾಣ ಕೇಳಿದ ತಲೆಮಾರು ಸರಿಯುತ್ತಿದೆ; ಪುಸ್ತಕ ಹಿಡಿದವನಿಗೆ ಹಳೆಯ ಭಾಷೆ ಕಬ್ಬಿಣದ ಕಡಲೆ. ಪರೀಕ್ಷೆಗೆ ಬಂದ ಹತ್ತು ಪದ್ಯ ಮುಗಿದರೆ ಕವಿಯ ಸಂಗವೂ ಮುಗಿಯಿತು. ಸಿನಿಮಾ ಒಂದೇ ಉಳಿದರೆ, ಮುಂದಿನ ಮಕ್ಕಳಿಗೆ ಕಥೆ ಗೊತ್ತಿರುತ್ತದೆ, ಕನ್ನಡ ಗೊತ್ತಿರುವುದಿಲ್ಲ.

ದಾರಿಯೇನು ಕಠಿಣವಲ್ಲ. ರಜೆಯಲ್ಲಿ ಮನೆಮಂದಿಯೆಲ್ಲ ಕೂತು ಚಿತ್ರವನ್ನು ನೋಡಲಿ. ಮರುದಿನ ಗದ್ಯಾನುವಾದವಿರುವ ಪ್ರತಿಯೊಂದನ್ನು ಗ್ರಂಥಾಲಯದಿಂದ ತಂದು, ಬಭ್ರುವಾಹನನ ಸಂಧಿಗಳನ್ನಷ್ಟೇ ದಿನಕ್ಕೆ ನಾಲ್ಕು ಪದ್ಯದಂತೆ ಗಟ್ಟಿಯಾಗಿ ಓದಲಿ. ಮೊದಲು ಮಕ್ಕಳು ತಡವರಿಸಿಯಾರು. ನಾಲ್ಕನೆಯ ದಿನಕ್ಕೆ ಲಯ ತಾನೇ ಕೈಹಿಡಿಯುತ್ತದೆ. ಓದು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬಹುದು: ಆ ಸಭೆಯಲ್ಲಿ ತಪ್ಪು ಯಾರದು? ಮಕ್ಕಳು ಕೊಡುವ ಉತ್ತರವನ್ನು ನಡುವೆ ಬಾಯಿ ಹಾಕದೆ ಕೇಳುವ ತಾಳ್ಮೆ ಮಾತ್ರ ಅಪ್ಪಂದಿರಿಗೆ ಇರಬೇಕು. ಅರ್ಜುನನಿಗೆ ಇಲ್ಲದೆ ಹೋದದ್ದು ಅದೊಂದೇ.